ಮರದ ಗಾಯಕ್ಕೆ ಮುಲಾಮು ಬೇಕೆ?

ಚಳಿ ದೇಶಗಳಲ್ಲಿ ಮನೆಯಂಗಳದ ಮರಗಳನ್ನು ವಸಂತಕ್ಕೆ ಅಣಿಗೊಳಿಸುವ ಕೆಲಸ ಚಳಿಗಾಲದ ಕೊನೆಯ ವಾರಗಳಲ್ಲಿ ನಡೆಯುತ್ತದೆ. ಎಲೆಗಳೆಲ್ಲ ಉದುರಿ ಮರ ಬೋಳಾಗಿರುವುದರಿಂದ ಒಣಗಿದ ಕೊಂಬೆ ಯಾವುದು, ಒಂದಕ್ಕೊಂದು ಉಜ್ಜುತ್ತಿರುವ ಕೊಂಬೆಗಳು ಯಾವುವು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಆಗ ಕೊಯ್ದರೆ, ಕೆಲವೇ ವಾರಗಳಲ್ಲಿ ಮರ ಚಿಗುರಿ ಕೊಯ್ದ ಜಾಗದ ಸುತ್ತ ಹೊಸ ಅಂಗಾಂಶ ಬೆಳೆಯತೊಡಗುತ್ತದೆ. ಹೀಗೆ ಕೊಂಬೆ ಸವರಲು ಹೊರಟವರ ಕೈಯಲ್ಲಿ ಗರಗಸದ ಜೊತೆಗೆ ಬಹುಕಾಲ ಇನ್ನೊಂದು ವಸ್ತುವೂ ಇರುತ್ತಿತ್ತು. ಅದೇ ಕಪ್ಪು ಬಣ್ಣದ ಡಬ್ಬಿ. ಕೊಯ್ದ ಕೂಡಲೇ ಗಾಯಕ್ಕೆ ಬಣ್ಣ ಬಳಿಯಬೇಕು, ಇಲ್ಲದಿದ್ದರೆ ಮರ ಕೊಳೆಯುತ್ತದೆ ಎಂಬುದು ಅವರ ನಂಬಿಕೆ.

ಈ ನಂಬಿಕೆ ನಮಗೂ ಹೊಸದಲ್ಲ. ನಮ್ಮಲ್ಲಿ ಕೆಲವರು ಸಗಣಿ ಮೆತ್ತುತ್ತಾರೆ, ಕೆಲವರು ಕೆಮ್ಮಣ್ಣು, ಇನ್ನು ಕೆಲವರು ಡಾಂಬರು. ನಾನೂ ನಮ್ಮ ಮನೆಯ ಹಿತ್ತಲ ಮರಕ್ಕೆ ಡಾಂಬರು ಬಳಿದು, ದೊಡ್ಡ ಉಪಕಾರ ಮಾಡಿದೆನೆಂದು ಸಂತೋಷಪಟ್ಟವನೇ. ಆದರೆ ಈ ಲೇಪದಿಂದ ಮರಕ್ಕೆ ನಿಜಕ್ಕೂ ಪ್ರಯೋಜನವಿದೆಯೇ? ಪ್ರಶ್ನೆ ಚಿಕ್ಕದು. ಇದಕ್ಕೆ ಸರಿಯಾದ ಉತ್ತರ ಸಿಗಲು ಎರಡೂವರೆ ಶತಮಾನ ಹಿಡಿಯಿತು. ಪ್ರಯೋಗ ಎಂದರೇನು, ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಈ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸೋರುವ ಬಳ್ಳಿ, ಉಬ್ಬಿದ ಪೊರೆ

ಕಥೆಯನ್ನು ಸ್ಟೀಫನ್ ಹೇಲ್ಸ್ (1677–1761) ಅವರಿಂದ ಆರಂಭಿಸೋಣ. ಹೇಲ್ಸ್ ಲಂಡನ್ನಿನ ಬಳಿಯ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ. ಒಮ್ಮೆ ಅವರ ದ್ರಾಕ್ಷಿಬಳ್ಳಿಯನ್ನು ಸ್ವಲ್ಪ ತಡವಾಗಿ, ವಸಂತ ತೀರ ಹತ್ತಿರವಾದಾಗ ಕೊಯ್ಯಲಾಯಿತು. ಕೊಯ್ದ ತುದಿಯಿಂದ ರಸ ಒಂದೇ ಸಮನೆ ಸೋರತೊಡಗಿತು. ಬಳ್ಳಿ ಸತ್ತೇಹೋಗುವುದೆಂದು ಹೆದರಿದ ಹೇಲ್ಸ್, ಬೇರೆ ದಾರಿ ಕಾಣದೆ, ಪ್ರಾಣಿಯ ಮೂತ್ರಕೋಶದ ಪೊರೆಯೊಂದನ್ನು ಗಾಯದ ಮೇಲೆ ಬಿಗಿಯಾಗಿ ಕಟ್ಟಿದರು. ರಸ ನಿಲ್ಲಲಿಲ್ಲ. ಬದಲಿಗೆ ಪೊರೆಯೇ ಉಬ್ಬಿಕೊಂಡಿತು!

ಬೇರೆಯವರಾಗಿದ್ದರೆ ಇನ್ನೂ ಗಟ್ಟಿಯಾದ ಪೊರೆ ಹುಡುಕುತ್ತಿದ್ದರೇನೋ. ಹೇಲ್ಸ್ ಹುಡುಕಿದ್ದು ಅಳತೆಯ ಸಾಧನವನ್ನು. ಕೊಯ್ದ ತುದಿಗೆ ಬಾಗಿದ ಗಾಜಿನ ನಳಿಗೆ ಜೋಡಿಸಿ ಅದರಲ್ಲಿ ಪಾದರಸ ತುಂಬಿದರು. ಬಳ್ಳಿಯ ರಸ ಪಾದರಸವನ್ನು ಮೂವತ್ತೆರಡೂವರೆ ಅಂಗುಲದವರೆಗೆ, ಅಂದರೆ ಸುಮಾರು 82 ಸೆಂ.ಮೀ. ಎತ್ತರಕ್ಕೆ ಎತ್ತಿ ಹಿಡಿಯಿತು. ವಾಯುಮಂಡಲದ ಸಾಮಾನ್ಯ ಒತ್ತಡ 76 ಸೆಂ.ಮೀ. ಪಾದರಸಕ್ಕೆ ಸಮ ಎಂಬುದು ನಿಮಗೆ ಗೊತ್ತು. ದ್ರಾಕ್ಷಿಯ ಬೇರು ಅದಕ್ಕಿಂತ ಹೆಚ್ಚಿನ ಒತ್ತಡವನ್ನು ಒದಗಿಸುತ್ತಿತ್ತು. ನೀರಿನ ಲೆಕ್ಕದಲ್ಲಿ ಹೇಳುವುದಾದರೆ ಇದು 11 ಮೀಟರಿಗೂ ಹೆಚ್ಚು ಎತ್ತರ. ಇಂಥ ಅಳತೆಗಳ ವಿವರವನ್ನು ಹೇಲ್ಸ್ 1727ರಲ್ಲಿ ‘ವೆಜಿಟಬಲ್ ಸ್ಟ್ಯಾಟಿಕ್ಸ್’ ಎಂಬ ಪುಸ್ತಕವಾಗಿ ಪ್ರಕಟಿಸಿದರು.

ಎಲೆ ಮೂಡುವ ಮುನ್ನ ಬೇರಿನ ಒತ್ತಡವೇ ರಸವನ್ನು ಮೇಲಕ್ಕೆ ತಳ್ಳುತ್ತದೆ. ಎಲೆ ಬಿಚ್ಚಿಕೊಂಡು ನೀರು ಆವಿಯಾಗತೊಡಗಿದರೆ ರಸವನ್ನು ಮೇಲಿನಿಂದ ಎಳೆಯುವ ಬಲವೇ ಮೇಲುಗೈ ಪಡೆದು ಸೋರುವಿಕೆ ತಾನಾಗಿ ನಿಲ್ಲುತ್ತದೆ. ಉತ್ತರ ಕರ್ನಾಟಕದ ದ್ರಾಕ್ಷಿ ಬೆಳೆಗಾರರು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬಳ್ಳಿ ಸವರಿದಾಗಲೂ ತುದಿಯಿಂದ ಹನಿ ತೊಟ್ಟಿಕ್ಕುವುದುಂಟು. ಅದರಿಂದ ಬಳ್ಳಿ ಸಾಯುವುದಿಲ್ಲ. ಹೇಲ್ಸ್ ಅವರ ಹೆದರಿಕೆ ಸುಳ್ಳಾಗಿತ್ತು. ಆದರೆ ಗಾಯ ಕಂಡರೆ ಮುಚ್ಚಬೇಕು ಎಂಬ ಮನುಷ್ಯಸಹಜ ತುಡಿತ ಮಾತ್ರ ಹಾಗೆಯೇ ಉಳಿಯಿತು.

1500 ಪೌಂಡಿನ ಸಗಣಿ

ಈ ತುಡಿತ ಬಹಳ ಹಳೆಯದು. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ರೋಗ ತಗುಲಿದ ಭಾಗವನ್ನು ಮೊದಲು ಆಯುಧದಿಂದ ಕೊಯ್ದು ತೆಗೆದು, ಬಳಿಕ ವಾಯುವಿಡಂಗ, ತುಪ್ಪ ಮತ್ತು ಕೆಸರಿನ ಲೇಪ ಹಚ್ಚಿ, ಹಾಲು ಬೆರೆಸಿದ ನೀರು ಹಾಕಬೇಕೆಂದು ಅದು ಹೇಳುತ್ತದೆ. ಕನ್ನಡದಲ್ಲಿಯೂ 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ವೃಕ್ಷಾಯುರ್ವೇದಕ್ಕೆ ಜಾಗ ಕೊಟ್ಟಿದೆ.

ಇಂಗ್ಲೆಂಡಿನಲ್ಲಿ ಇಂಥ ಲೇಪಕ್ಕೆ ಸರ್ಕಾರದ ಹಣವೇ ಸಿಕ್ಕಿತು. ಸ್ಕಾಟ್ಲೆಂಡ್ ಮೂಲದ ವಿಲಿಯಂ ಫೋರ್ಸಿತ್ (1737–1804) ಲಂಡನ್ನಿನ ಕೆನ್ಸಿಂಗ್‌ಟನ್ ಅರಮನೆಯ ತೋಟಗಳ ಮೇಲ್ವಿಚಾರಕ. ಅಲ್ಲಿನ ಹಳೆಯ ಹಣ್ಣಿನ ಮರಗಳು ಪೊಟರೆ ಬಿದ್ದು ಸೊರಗಿದ್ದವು. ಅವುಗಳಿಗೆ ತಾನೊಂದು ಲೇಪ ಕಂಡುಹಿಡಿದಿದ್ದೇನೆ, ಅದನ್ನು ಹಚ್ಚಿದರೆ ಟೊಳ್ಳಾದ ಮರವೂ ಗಟ್ಟಿಯಾಗುತ್ತದೆ ಎಂದು ಆತ ಸಾರಿದ. ಆಗಿನ ಬ್ರಿಟನ್ನಿಗೆ ಇದು ಕೇವಲ ತೋಟದ ಸುದ್ದಿಯಾಗಿರಲಿಲ್ಲ. ನೌಕಾಪಡೆಯ ಹಡಗುಗಳು ಓಕ್ ಮರದವು. 1765ರಲ್ಲಿ ನೀರಿಗಿಳಿದ ‘ವಿಕ್ಟರಿ’ ಎಂಬ ಒಂದೇ ಯುದ್ಧನೌಕೆಗೆ ಸುಮಾರು 6000 ಮರಗಳು ಬೇಕಾದವು, ಅವುಗಳಲ್ಲಿ ಹೆಚ್ಚಿನವು ಓಕ್. ಒಳಗೆ ಕೊಳೆತ ಓಕ್ ಮರಗಳನ್ನು ಉಳಿಸುವ ಔಷಧ ಇದೆ ಎಂದರೆ ಸರ್ಕಾರ ಕಿವಿಗೊಡದಿರುತ್ತದೆಯೇ? ಸಮಿತಿಯೊಂದು ಬಂದು ಮರಗಳನ್ನು ನೋಡಿ ಮೆಚ್ಚಿತು. ಗುಟ್ಟನ್ನು ಬಹಿರಂಗಪಡಿಸಬೇಕೆಂಬ ಷರತ್ತಿನ ಮೇಲೆ ಫೋರ್ಸಿತ್‌ಗೆ 1500 ಪೌಂಡ್ ಬಹುಮಾನ ದೊರೆಯಿತು.

1791ರಲ್ಲಿ ಗುಟ್ಟು ಹೊರಬಿತ್ತು. ಒಂದು ಬುಶೆಲ್ (ಸುಮಾರು 36 ಲೀಟರಿನ ಅಳತೆ) ಹಸಿ ಸಗಣಿ, ಅರ್ಧ ಬುಶೆಲ್ ಹಳೆಯ ಕಟ್ಟಡದ ಸುಣ್ಣದ ಗಾರೆ, ಅರ್ಧ ಬುಶೆಲ್ ಸೌದೆಯ ಬೂದಿ, ಬುಶೆಲ್‌ನ ಹದಿನಾರನೆಯ ಒಂದು ಪಾಲು ಮರಳು! ಇದನ್ನು ಕಲಸಿ ಗಾಯಕ್ಕೆ ತೆಳುವಾಗಿ ಮೆತ್ತಿ, ಮೇಲೆ ಬೂದಿಯ ಪುಡಿ ಉದುರಿಸಬೇಕು.

ಇಲ್ಲಿ ನೀವು ಒಂದು ಸಂಗತಿಯನ್ನು ಗಮನಿಸಬೇಕು. ಸಮಿತಿ ನೋಡಿದ್ದು ಲೇಪ ಹಚ್ಚಿದ ಮರಗಳನ್ನು. ಆ ಮರಗಳ ಗಾಯದ ಸುತ್ತ ಹೊಸ ತೊಗಟೆ ಉರುಳಿಕೊಂಡು ಬರುತ್ತಿದ್ದುದು ನಿಜ. ಆದರೆ ಫೋರ್ಸಿತ್ ಲೇಪ ಹಚ್ಚುವುದಕ್ಕೆ ಮೊದಲು ಕೊಳೆತ ಭಾಗವನ್ನೆಲ್ಲ ಕೆತ್ತಿ, ಮುದಿ ಕೊಂಬೆಗಳನ್ನು ಬಲವಾಗಿ ಸವರುತ್ತಿದ್ದ. ಹಾಗೆ ಸವರಿ, ಲೇಪ ಮಾತ್ರ ಹಚ್ಚದೆ ಬಿಟ್ಟಿದ್ದರೆ ಏನಾಗುತ್ತಿತ್ತು? ಆ ಪ್ರಶ್ನೆಯನ್ನು ಸಮಿತಿ ಕೇಳಲಿಲ್ಲ.

ಚಕ್ರದ ಮೇಲೆ ಬೀಜ ಬಿತ್ತಿದವರು

ಸಂದೇಹಪಟ್ಟವರು ಥಾಮಸ್ ಆಂಡ್ರ್ಯೂ ನೈಟ್ (1759–1838). ಹಿಯರ್‌ಫರ್ಡ್‌ಶೈರ್‌ನ ಜಮೀನ್ದಾರರಾದ ಇವರು ಹಣ್ಣಿನ ಮರಗಳ ಮೇಲೆ ಸ್ವತಃ ಪ್ರಯೋಗ ನಡೆಸುತ್ತಿದ್ದರು. ಫೋರ್ಸಿತ್‌ನ ಲೇಪವನ್ನು ಪ್ರಶ್ನಿಸಿ 1802ರಲ್ಲಿ ಒಂದು ಕಿರುಹೊತ್ತಗೆಯನ್ನೇ ಹೊರತಂದರು. ಸತ್ತ ಮರಭಾಗ ಮತ್ತೆ ಜೀವಂತವಾಗಿ ಕೂಡಿಕೊಳ್ಳುವುದು ಸಾಧ್ಯವಿಲ್ಲ. ಅಂಚಿನ ಜೀವಂತ ಅಂಗಾಂಶ ತನ್ನಷ್ಟಕ್ಕೆ ಬೆಳೆಯುವುದನ್ನೇ ಔಷಧದ ಗುಣವೆಂದು ಹೇಳಲಾಗುತ್ತಿದೆ ಎಂಬುದು ಅವರ ವಾದದ ತಿರುಳು.

ನೈಟ್ ಎಂಥ ಪ್ರಯೋಗಶೀಲರು ಎಂಬುದನ್ನು ತಿಳಿಯಲು ಅವರ ಇನ್ನೊಂದು ಕೆಲಸವನ್ನು ನೋಡೋಣ. ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿಯೇ ಸವಿಯಬೇಕು. ಬೇರು ಕೆಳಕ್ಕೂ ಕಾಂಡ ಮೇಲಕ್ಕೂ ಬೆಳೆಯುವುದು ಗುರುತ್ವದಿಂದಲೇ? ಇದನ್ನು ಪರೀಕ್ಷಿಸಲು ಗುರುತ್ವವನ್ನು ತೆಗೆದುಹಾಕುವಂತಿಲ್ಲ. ಆದ್ದರಿಂದ ನೈಟ್ ಅದಕ್ಕೊಂದು ಸ್ಪರ್ಧಿಯನ್ನು ಒಡ್ಡಿದರು. ತೋಟದ ಹೊಳೆಯ ನೀರಿನಿಂದ ತಿರುಗುವ, 11 ಅಂಗುಲ ವ್ಯಾಸದ ಚಕ್ರದ ಅಂಚಿಗೆ ಅವರೆ ಜಾತಿಯ ಬೀಜಗಳನ್ನು ಕಟ್ಟಿ ಮೊಳೆಯಿಸಿದರು. ಅಡ್ಡಲಾಗಿಟ್ಟ ಚಕ್ರ ನಿಮಿಷಕ್ಕೆ 250 ಸುತ್ತು ತಿರುಗಿದಾಗ ಬೇರುಗಳು ಬಹುಮಟ್ಟಿಗೆ ಹೊರಮುಖವಾಗಿ ಬೆಳೆದವು. ವೇಗವನ್ನು 80 ಸುತ್ತಿಗೆ ಇಳಿಸಿದಾಗ ಬೇರುಗಳು ಕ್ಷಿತಿಜಕ್ಕೆ ಸುಮಾರು 45 ಡಿಗ್ರಿ ಕೆಳಗೆ ಓರೆಯಾಗಿ ನಿಂತವು.

ಈಗ ನೀವೇ ಲೆಕ್ಕ ಮಾಡಿ. ತ್ರಿಜ್ಯ 0.14 ಮೀಟರ್. ನಿಮಿಷಕ್ಕೆ 80 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 8.4 ರೇಡಿಯನ್. ಕೋನವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ ಬರುವ ವೇಗೋತ್ಕರ್ಷ 9.8 ಮೀ./ಸೆ.². ಅಂದರೆ ಗುರುತ್ವ ವೇಗೋತ್ಕರ್ಷಕ್ಕೆ ಸರಿಸಮ! ಎರಡು ಸಮ ಬಲಗಳ ನಡುವೆ ಬೇರು ಸರಿಯಾಗಿ ನಡುದಾರಿ ಹಿಡಿದಿತ್ತು. 1806ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ನೈಟ್ ಬದಲಿಸಿದ್ದು ಒಂದೇ ಒಂದು ಅಂಶವನ್ನು, ಅದೇ ತಿರುಗುವ ವೇಗ. ಫೋರ್ಸಿತ್‌ನ ಲೇಪದ ಪರೀಕ್ಷೆಯಲ್ಲಿ ಇಲ್ಲದೆ ಹೋದದ್ದು ಇದೇ ಶಿಸ್ತು.

ಈ ಜಗಳಕ್ಕೆ ಒಂದು ಸ್ವಾರಸ್ಯಕರ ಮುಗಿತಾಯವಿದೆ. 1804ರ ಮಾರ್ಚ್ 7ರಂದು ಲಂಡನ್ನಿನಲ್ಲಿ ಏಳು ಜನ ಸೇರಿ ತೋಟಗಾರಿಕಾ ಸಂಘವೊಂದನ್ನು ಕಟ್ಟಿದರು. ಅವರಲ್ಲಿ ಫೋರ್ಸಿತ್ ಒಬ್ಬ. ಅದೇ ಜುಲೈನಲ್ಲಿ ಆತ ತೀರಿಕೊಂಡ. 1811ರಿಂದ 1838ರವರೆಗೆ ಆ ಸಂಘದ ಅಧ್ಯಕ್ಷರಾಗಿದ್ದವರು ನೈಟ್! ಆದರೂ ಜನರ ನೆನಪಿನಲ್ಲಿ ಉಳಿದಿರುವುದು ಫೋರ್ಸಿತ್‌ನ ಹೆಸರೇ. ವಸಂತದ ಆರಂಭದಲ್ಲಿ ಎಲೆಗೆ ಮೊದಲೇ ಹಳದಿ ಹೂ ಬಿಡುವ ಪೊದೆಯೊಂದಕ್ಕೆ ಫೋರ್ಸಿಥಿಯಾ ಎಂದು ಹೆಸರಿಟ್ಟದ್ದು ಆತನ ಗೌರವಾರ್ಥವಾಗಿ. ಆ ಹೂವು ಅರಳಿದರೆ ಗುಲಾಬಿ ಸವರುವ ಕಾಲ ಬಂತೆಂದು ಅಮೆರಿಕದ ಮನೆತೋಟಗಾರರು ಹೇಳುವುದುಂಟು.

ಸಗಣಿಯಿಂದ ಡಾಂಬರಿಗೆ, ಡಾಂಬರಿನಿಂದ ಸಿಮೆಂಟಿಗೆ

ನೈಟ್ ಅವರ ಸಂದೇಹ ಹೆಚ್ಚು ಕಾಲ ಉಳಿಯಲಿಲ್ಲ. 1860ರ ದಶಕದಲ್ಲಿ ಫ್ರಾನ್ಸಿನ ಕೌಂಟ್ ದೆ ಕಾರ್ ಮರ ಸವರುವ ಬಗ್ಗೆ ಬರೆದ ಪುಸ್ತಕ ಬಹಳ ಹೆಸರು ಮಾಡಿತು. ಕೊಂಬೆಯನ್ನು ಕಾಂಡಕ್ಕೆ ತೀರ ಒತ್ತಿ, ಗೋಡೆ ಕೆರೆದಂತೆ ಸಪಾಟಾಗಿ ಕೊಯ್ದು, ಕಲ್ಲಿದ್ದಲ ಟಾರು ಬಳಿಯಬೇಕು ಎಂಬುದು ಅದರ ಉಪದೇಶ. 1881ರಲ್ಲಿ ಇದರ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ ಪ್ರಕಟವಾಯಿತು.

ಅಷ್ಟರಲ್ಲಿ ವಿಜ್ಞಾನವೂ ಈ ಪದ್ಧತಿಗೆ ಬೆಂಬಲವಾಗಿ ನಿಂತಂತೆ ಕಂಡಿತು. ಅಲ್ಲಿಯವರೆಗೆ ಮರ ಕೊಳೆತ ಬಳಿಕ ಆ ಕೊಳೆಯಿಂದ ಅಣಬೆ ಹುಟ್ಟುತ್ತದೆ ಎಂಬ ಎಣಿಕೆ ಇತ್ತು. ಜರ್ಮನಿಯ ರಾಬರ್ಟ್ ಹಾರ್ಟಿಗ್ (1839–1901) 1870ರ ದಶಕದಲ್ಲಿ ಸೂಕ್ಷ್ಮದರ್ಶಕದ ಸಹಾಯದಿಂದ ಇದನ್ನು ತಲೆಕೆಳಗು ಮಾಡಿದರು. ಕೊಳೆತ ಮರದೊಳಗಿನ ಶಿಲೀಂಧ್ರದ ಎಳೆಗಳಿಗೂ ಹೊರಗೆ ಕಾಣುವ ಅಣಬೆಗೂ ಸಂಬಂಧವಿದೆ, ಶಿಲೀಂಧ್ರವೇ ಕೊಳೆಯುವಿಕೆಗೆ ಕಾರಣ ಎಂದು ತೋರಿಸಿಕೊಟ್ಟರು. ಇದು ಮಹತ್ವದ ಶೋಧ. ವೈದ್ಯಕೀಯದಲ್ಲಿ 1867ರಲ್ಲಿ ಜೋಸೆಫ್ ಲಿಸ್ಟರ್, ಕಲ್ಲಿದ್ದಲ ಟಾರಿನಿಂದ ತೆಗೆದ ಕಾರ್ಬಾಲಿಕ್ ಆಮ್ಲದಿಂದ ರೋಗಿಗಳ ಗಾಯ ಕೀವಾಗದಂತೆ ತಡೆದಿದ್ದರು. ಹಾಗಿದ್ದರೆ ಮರದ ಗಾಯಕ್ಕೂ ಅದೇ ನ್ಯಾಯ ಅನ್ವಯಿಸಬೇಕಲ್ಲವೇ? ಗಾಯವೆಂಬ ಬಾಗಿಲು ಮುಚ್ಚಿದರೆ ಶಿಲೀಂಧ್ರ ಒಳಗೆ ಬರಲಾರದು. ತರ್ಕ ಚೆನ್ನಾಗಿತ್ತು. ಅದನ್ನು ಮರದ ಮೇಲೆ ಪರೀಕ್ಷಿಸಿ ನೋಡುವುದೊಂದು ಬಾಕಿ ಇತ್ತು.

ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಜಾನ್ ಡೇವಿ (1846–1923) 1901ರಲ್ಲಿ ‘ದಿ ಟ್ರೀ ಡಾಕ್ಟರ್’ ಎಂಬ ಪುಸ್ತಕ ಬರೆದು ಮನೆಯಂಗಳದ ಮರಗಳ ಆರೈಕೆಯನ್ನು ಒಂದು ವೃತ್ತಿಯಾಗಿ ರೂಪಿಸಿದರು. ಪೊಟರೆಗಳಿಗೆ, ಹಲ್ಲಿನ ಹುಳುಕಿಗೆ ಮಾಡುವಂತೆ, ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು ಸಿಮೆಂಟ್ ತುಂಬುವುದು 20ನೆಯ ಶತಮಾನದ ಮೊದಲರ್ಧದಲ್ಲಿ ವ್ಯಾಪಕವಾಯಿತು.

ಪೊಟರೆ ಬಿದ್ದ ಮರಕ್ಕೆ ಸಿಮೆಂಟಿನ ಆಸರೆ ಬೇಕೇ? ಒಂದು ಉರುಳೆ ಬಾಗುವುದನ್ನು ತಡೆಯುವ ಶಕ್ತಿ ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ಕಾಂಡದ ತ್ರಿಜ್ಯದ ನೂರಕ್ಕೆ 70ರಷ್ಟು ಟೊಳ್ಳಾಗಿದೆ ಎನ್ನೋಣ. 0.7ರ ನಾಲ್ಕನೆಯ ಘಾತ 0.24. ಅರ್ಥಾತ್, ಟೊಳ್ಳು ನಡುವೆಯೇ ಇದ್ದು, ಸುತ್ತಲ ಗೋಡೆ ಇಡಿಯಾಗಿದ್ದರೆ ಕಡಿಮೆಯಾಗುವ ದೃಢತೆ ಸುಮಾರು ಕಾಲುಭಾಗ ಮಾತ್ರ. ಬಿದಿರು ನಿಂತಿರುವುದು ಇದೇ ನಿಯಮದ ಮೇಲೆ. ಗಾಳಿಗೆ ತೂಗಾಡುವ ಮರದೊಳಗೆ ಬಾಗದ ಸಿಮೆಂಟಿನ ಗಟ್ಟಿ ಕೂತರೆ ಸುತ್ತಲ ಒಳ್ಳೆಯ ಮರವನ್ನೇ ಅದು ಉಜ್ಜುತ್ತದೆ.

ಮರವನ್ನು ಉದ್ದಕ್ಕೆ ಸೀಳಿದವರು

ಅಮೆರಿಕದ ಅರಣ್ಯ ಇಲಾಖೆಗೆ 1959ರಲ್ಲಿ ಅಲೆಕ್ಸ್ ಶೈಗೊ (1930–2006) ಎಂಬ ಸಸ್ಯರೋಗ ವಿಜ್ಞಾನಿ ಸೇರಿದರು. ಅವರ ಕಾಲಕ್ಕೆ ಒಬ್ಬರೇ ಹಿಡಿದು ಕೆಲಸ ಮಾಡಬಹುದಾದ ಯಂತ್ರದ ಗರಗಸ ಬಂದಿತ್ತು. ಮರವನ್ನು ಅಡ್ಡಲಾಗಿ ಕತ್ತರಿಸಿ ನೋಡುವುದು ವಾಡಿಕೆ. ಶೈಗೊ ಉದ್ದಕ್ಕೆ ಸೀಳಿ ನೋಡಿದರು. ಒಂದಲ್ಲ ಎರಡಲ್ಲ, ಸುಮಾರು 15,000 ಮರಗಳನ್ನು! ಆಗ ಗಾಯದಿಂದ ಕೊಳೆ ಎತ್ತ ಹರಡಿದೆ, ಎಲ್ಲಿ ನಿಂತಿದೆ ಎಂಬುದು ನಕ್ಷೆಯಂತೆ ಕಾಣಿಸಿತು.

ಕೊಳೆ ಮನಸ್ಸಿಗೆ ಬಂದಂತೆ ಹರಡಿರಲಿಲ್ಲ. ಗಾಯವಾದ ದಿನ ಮರ ಎಷ್ಟು ದಪ್ಪವಿತ್ತೋ ಆ ಎಲ್ಲೆಯೊಳಗೇ ಅದು ಬಹುಮಟ್ಟಿಗೆ ಸೆರೆಯಾಗಿತ್ತು. ಬಳಿಕ ಬೆಳೆದ ಮರ ಶುದ್ಧವಾಗಿತ್ತು. ಇದರ ಆಧಾರದಿಂದ ಶೈಗೊ ಮರ ನಾಲ್ಕು ‘ಗೋಡೆ’ಗಳನ್ನು ಕಟ್ಟಿಕೊಳ್ಳುತ್ತದೆ ಎಂದರು. ಮೊದಲನೆಯದು ನೀರು ಸಾಗಿಸುವ ಉದ್ದ ನಾಳಗಳನ್ನು ಮೇಲೆ ಕೆಳಗೆ ಬಿರಡೆ ಹಾಕಿ ಮುಚ್ಚುವುದು. ಇದು ಎಲ್ಲಕ್ಕಿಂತ ದುರ್ಬಲ. ಎರಡನೆಯದು ವಾರ್ಷಿಕ ಉಂಗುರದ ಅಂಚು, ಕೊಳೆ ಒಳಮುಖವಾಗಿ ಹೋಗದಂತೆ. ಮೂರನೆಯದು ಕಿರಣದಂತೆ ಹಬ್ಬಿರುವ ಜೀವಕೋಶಗಳ ಸಾಲು, ಪಕ್ಕಕ್ಕೆ ಹರಡದಂತೆ. ನಾಲ್ಕನೆಯದು, ತೊಗಟೆಯಡಿಯ ಬೆಳೆಯುವ ಪದರವಾದ ಕ್ಯಾಂಬಿಯಮ್ ಗಾಯವಾದ ಮೇಲೆ ಹೊಸದಾಗಿ ಕಟ್ಟುವ ತಡೆ. ಹಳೆಯ ಮರವನ್ನು ಹೊಸ ಮರದಿಂದ ಬೇರ್ಪಡಿಸುವ ಇದೇ ಎಲ್ಲಕ್ಕಿಂತ ಬಲವಾದ ಗೋಡೆ. ಸಹೋದ್ಯೋಗಿ ಹೆರಾಲ್ಡ್ ಮಾರ್ಕ್ಸ್ ಜೊತೆಗೂಡಿ ಅವರು 1977ರಲ್ಲಿ ಈ ವಿಚಾರವನ್ನು ಪ್ರಕಟಿಸಿದರು.

ಪ್ರಾಣಿಗೂ ಮರಕ್ಕೂ ಇರುವ ಮೂಲ ವ್ಯತ್ಯಾಸ ಇಲ್ಲಿದೆ. ನಮ್ಮ ಚರ್ಮಕ್ಕೆ ಗಾಯವಾದರೆ ಅದೇ ಜಾಗದಲ್ಲಿ ಹೊಸ ಜೀವಕೋಶಗಳು ಬಂದು ಮಾಯುತ್ತದೆ. ಮರದ ಗಾಯ ಮಾಯುವುದಿಲ್ಲ. ಅದು ಗೋಡೆ ಕಟ್ಟಿಕೊಂಡು, ಗಾಯವನ್ನು ಒಳಗೇ ಬಿಟ್ಟು, ಅದರ ಹೊರಗೆ ಬೆಳೆಯುತ್ತದೆ. ಲಿಸ್ಟರ್ ಅವರ ಪದ್ಧತಿಯನ್ನು ಮರಕ್ಕೆ ಹೊಂದಿಸಿದ್ದು ತಪ್ಪಾದದ್ದು ಇದರಿಂದಲೇ.

ಇನ್ನು ಲೇಪದ ಪರೀಕ್ಷೆ. ಶೈಗೊ ಮತ್ತು ಸಂಗಡಿಗರು ಕೆಂಪು ಮೇಪಲ್ ಮತ್ತು ಅಮೆರಿಕದ ಎಲ್ಮ್ ಮರಗಳಲ್ಲಿ ಒಂದೇ ಬಗೆಯ ಗಾಯಗಳನ್ನು ಮಾಡಿ, ಕೆಲವಕ್ಕೆ ಲೇಪ ಹಚ್ಚಿ, ಕೆಲವನ್ನು ಹಾಗೆಯೇ ಬಿಟ್ಟರು. ವರ್ಷಗಳ ನಂತರ ಆ ಮರಗಳನ್ನು ಸೀಳಿ ಒಳಗೆ ನೋಡಿದರು. ಫೋರ್ಸಿತ್‌ನ ಸಮಿತಿ ಮಾಡದೆ ಬಿಟ್ಟ ಪ್ರಯೋಗ ಕೊನೆಗೂ ನಡೆಯಿತು! 13 ವರ್ಷಗಳ ಇಂಥ ಅಧ್ಯಯನಗಳ ಸಾರವನ್ನು 1983ರಲ್ಲಿ ಶೈಗೊ ಮತ್ತು ವಾಲ್ಟರ್ ಶಾರ್ಟಲ್ ಪ್ರಕಟಿಸಿದರು. ಯಾವ ಲೇಪವೂ ಕೊಳೆಯುವುದನ್ನು ತಡೆಯಲಿಲ್ಲ. ಲೇಪ ಲೇಪಗಳ ನಡುವಣ ವ್ಯತ್ಯಾಸಕ್ಕಿಂತ ಒಂದೊಂದು ಮರದ ಸ್ವಂತ ಸಾಮರ್ಥ್ಯದ ವ್ಯತ್ಯಾಸವೇ ದೊಡ್ಡದಾಗಿತ್ತು.

ಜೊತೆಗೆ ಇನ್ನೊಂದು ತಪ್ಪು ಬೆಳಕಿಗೆ ಬಂತು. ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆಯಂಥ ಒಂದು ಉಬ್ಬು ಇರುತ್ತದೆ. ಅದು ಕಾಂಡಕ್ಕೆ ಸೇರಿದ ಅಂಗಾಂಶ. ಕೊಂಬೆ ಹೋದಾಗ ಗೋಡೆ ಕಟ್ಟುವ ಜಾಗವೂ ಅದೇ. ದೆ ಕಾರ್ ಹೇಳಿದಂತೆ ಸಪಾಟಾಗಿ ಕೊಯ್ದರೆ ಈ ಉಬ್ಬೇ ಹೋಗುತ್ತದೆ. ಗಾಯ ದೊಡ್ಡದಾಗಿ ಕೊಳೆ ನೇರ ಕಾಂಡಕ್ಕೆ ನುಗ್ಗುತ್ತದೆ. ನೂರು ವರ್ಷ ಜನ ಮರದ ಗೋಡೆಯನ್ನು ತಾವೇ ಕಿತ್ತು, ಅದರ ಮೇಲೆ ಬಣ್ಣ ಬಳಿದಿದ್ದರು!

ನಮ್ಮ ಅಂಗಳದಲ್ಲಿ

ಇದು ದೂರದ ಮೇಪಲ್ ಮರಗಳ ಕಥೆ ಮಾತ್ರವೇ? ಅಲ್ಲ. ಮಳೆಗಾಲಕ್ಕೆ ಮುನ್ನ, ತಂತಿಗೆ ತಾಗುತ್ತದೆ ಎಂದು ನಮ್ಮ ಬೀದಿಗಳಲ್ಲಿ ಕೊಂಬೆಗಳನ್ನು ಕೊಡಲಿಯಿಂದ ಕಚ್ಚಿ ಕೆಡವುವುದನ್ನು ನೀವು ನೋಡಿದ್ದೀರಿ. ಕೆಲವು ವರ್ಷಗಳ ನಂತರ ಅದೇ ಮರ ಗಾಳಿಗೆ ಮುರಿದು ಬಿದ್ದರೆ ನಾವು ಗಾಳಿಯನ್ನು ದೂರುತ್ತೇವೆ.

ಕೊಯ್ಯಲೇಬೇಕಾದರೆ ಉಬ್ಬಿನ ಹೊರಗೆ, ಅದಕ್ಕೆ ಗಾಯವಾಗದಂತೆ, ಮೋಟು ಉಳಿಸದೆ ಕೊಯ್ಯಿರಿ. ಭಾರದ ಕೊಂಬೆಯಾದರೆ ಮೊದಲು ಒಂದಡಿ ದೂರದಲ್ಲಿ ಕೆಳಗಿನಿಂದ ಅರ್ಧ ಕಚ್ಚು ಹಾಕಿ, ಅದರಾಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ. ಇಲ್ಲವಾದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಎಲೆ ಉದುರಿಸುವ ನೆರಳಿನ ಮರಗಳಿಗೆ ಯುಗಾದಿಯ ಹೊಸ ಚಿಗುರಿಗೆ ಮುಂಚಿನ ದಿನಗಳು ಸೂಕ್ತ. ಆದರೆ ಆಗ ಹೂವಿನಲ್ಲಿರುವ ಮಾವನ್ನು ಮುಟ್ಟಬೇಡಿ. ಅದಕ್ಕೆ ಹಣ್ಣು ಕೊಯ್ದ ನಂತರದ ಕಾಲ ಸರಿ. ತೆಂಗು, ಅಡಿಕೆಗಳಲ್ಲಿ ಕ್ಯಾಂಬಿಯಮ್ ಇಲ್ಲವಾದ್ದರಿಂದ ಅವುಗಳ ಕಾಂಡದ ಗಾಯ ಎಂದೂ ಮುಚ್ಚಿಕೊಳ್ಳುವುದಿಲ್ಲ. ಅವುಗಳಿಗೆ ಗಾಯ ಮಾಡದಿರುವುದೇ ಚಿಕಿತ್ಸೆ.

ಹಾಗೆಂದು ಲೇಪಗಳೆಲ್ಲ ವ್ಯರ್ಥ ಎಂದೂ ತೀರ್ಮಾನಿಸಬಾರದು. ಅಮೆರಿಕದಲ್ಲಿ ಓಕ್ ಮರಗಳನ್ನು ಒಣಗಿಸುವ ಒಂದು ರೋಗವನ್ನು ಹಸಿ ಗಾಯಕ್ಕೆ ಬರುವ ಜೀರುಂಡೆಗಳು ಹರಡುತ್ತವೆ. ಅಲ್ಲಿ ಆ ಜೀರುಂಡೆಗಳ ಕಾಲದಲ್ಲಿ ಕೊಯ್ಯಬೇಕಾಗಿ ಬಂದರೆ ಬಣ್ಣ ಬಳಿಯಲು ಇಂದಿಗೂ ಸಲಹೆ ನೀಡುತ್ತಾರೆ. ನಮ್ಮ ತೋಟಗಳಲ್ಲಿ ನಿರ್ದಿಷ್ಟ ಶಿಲೀಂಧ್ರ ರೋಗಕ್ಕೆ ಬೋರ್ಡೋ ಮುಲಾಮು ಹಚ್ಚುವುದೂ ಹಾಗೆಯೇ. ಅಲ್ಲಿ ರೋಗ ಯಾವುದು, ಲೇಪ ಏನನ್ನು ತಡೆಯುತ್ತದೆ ಎಂಬುದು ಗೊತ್ತಿರುತ್ತದೆ.

ಅಧ್ಯಾಪಕರಿಗೆ ಒಂದು ಸೂಚನೆ. ಶಾಲೆಯ ಆವರಣದಲ್ಲಿ ಈಗಾಗಲೇ ಕೊಂಬೆ ಕೊಯ್ದಿರುವ ಮರಗಳನ್ನು ಹುಡುಕಿ. ಮೋಟು ಉಳಿದದ್ದು, ಸಪಾಟಾಗಿ ಕೊಯ್ದದ್ದು, ಉಬ್ಬು ಉಳಿಸಿ ಕೊಯ್ದದ್ದು ಎಂದು ಮೂರು ಗುಂಪು ಮಾಡಿ. ಪ್ರತಿ ವರ್ಷ ಒಂದೇ ತಿಂಗಳಲ್ಲಿ ಗಾಯದ ಅಗಲ ಮತ್ತು ಎತ್ತರವನ್ನು ಅಳೆದು, ಯಾವ ಜಾತಿಯ ಮರ ಎಂಬುದರ ಜೊತೆಗೆ ಬರೆದಿಡಿ. ಲೇಪ ಹಚ್ಚಿದ ಗಾಯವಿದ್ದರೆ ಅದೇ ಜಾತಿಯ, ಅದೇ ಗಾತ್ರದ, ಲೇಪವಿಲ್ಲದ ಗಾಯವನ್ನೂ ಪಟ್ಟಿಗೆ ಸೇರಿಸಿ. ಹೊರಗೆ ಮುಚ್ಚಿದ ಗಾಯ ಒಳಗೆ ಹೇಗಿದೆ ಎಂಬುದು ಈ ಅಳತೆಯಿಂದ ತಿಳಿಯದು ಎಂಬುದನ್ನೂ ಮಕ್ಕಳಿಗೆ ಹೇಳಿ. ಊರಿನಲ್ಲಿ ಹಳೆಯ ಮರವೊಂದು ಗಾಳಿಗೆ ಉರುಳಿದ ದಿನ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮುರಿದ ಜಾಗದಲ್ಲಿ ಹಳೆಯ ಗಾಯವನ್ನೂ ಅದರ ಸುತ್ತ ಮರ ಕಟ್ಟಿಕೊಂಡ ಗೋಡೆಯನ್ನೂ ತೋರಿಸಿ.